ಥಾಮಸ್ ಪೇನ್: ಹಕ್ಕಿನ ಪರಿಕಲ್ಪನೆ ಮತ್ತು ಕ್ರಾಂತಿಯ ಭಾಷೆ

ಹದಿನೆಂಟನೆಯ ಶತಮಾನದ ಅಮೆರಿಕ ಮತ್ತು ಫ್ರಾನ್ಸ್ ಕ್ರಾಂತಿಗಳ ತಾತ್ವಿಕ ಹಿನ್ನೆಲೆಯನ್ನು ಚರ್ಚಿಸುವಾಗ ಲಾಕ್, ಮಾಂಟೆಸ್ಕ್ಯೂ, ರೂಸೋ ಎಂಬ ಮೂರು ಹೆಸರುಗಳನ್ನು ಹೇಳಿ ಮುಂದೆ ಸಾಗುವ ರೂಢಿಯಿದೆ. ಗ್ರಂಥದಲ್ಲಿದ್ದ ಚಿಂತನೆಯೊಂದು ಜನಸಮುದಾಯದ ಕ್ರಿಯೆಯಾಗಿ ಮಾರ್ಪಡುವ ನಡುವಿನ ಹಾದಿ ಇಂತಹ ವಿವರಣೆಯಲ್ಲಿ ಕಾಣೆಯಾಗುತ್ತದೆ. ಸರ್ಕಾರವನ್ನು ಕುರಿತ ಜಾನ್ ಲಾಕ್‌ನ ಎರಡನೆಯ ಪ್ರಬಂಧ ಪ್ರಕಟವಾದದ್ದು 1689ರಲ್ಲಿ. ಅಮೆರಿಕದ ಸ್ವಾತಂತ್ರ್ಯ ಘೋಷಣೆ ಹೊರಬಿದ್ದದ್ದು 1776ರಲ್ಲಿ. ಮನುಷ್ಯನಿಗೆ ಹುಟ್ಟಿನಿಂದಲೇ ಹಕ್ಕುಗಳಿವೆ, ಪ್ರಭುತ್ವವು ಪ್ರಜೆಗಳ ಸಮ್ಮತಿಯಿಂದ ಮಾತ್ರ ನಿಲ್ಲುತ್ತದೆ ಎಂಬ ವಿಚಾರ ಈ ಎಂಬತ್ತೇಳು ವರ್ಷಗಳ ಕಾಲ ವಿದ್ವಾಂಸರ, ವಕೀಲರ, ಪಾದ್ರಿಗಳ ಬಳಿಯಲ್ಲಿಯೇ ಇತ್ತು. ಅದು ಕಮ್ಮಾರನ, ನೇಯ್ಗೆಯವನ, ಹಡಗಿನ ಕೂಲಿಯವನ ಮಾತಾದದ್ದು ಹೇಗೆ ಎಂಬ ಪ್ರಶ್ನೆ ಮೂಲತಃ ಭಾಷೆಯ ಪ್ರಶ್ನೆ. ಆದ್ದರಿಂದ ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೂ ಅದರಲ್ಲಿ ಪಾಲಿದೆ. ಥಾಮಸ್ ಪೇನ್‌ನ ಬದುಕನ್ನು ಈ ನೆಲೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪೇನ್ ಹುಟ್ಟಿದ್ದು ಹಳೆಯ ಪಂಚಾಂಗದ ಪ್ರಕಾರ 1737ರ ಜನವರಿ 29ರಂದು, ಇಂಗ್ಲೆಂಡಿನ ನಾರ್ಫೋಕ್ ಪ್ರಾಂತ್ಯದ ಥೆಟ್‌ಫರ್ಡ್ ಎಂಬ ಸಣ್ಣ ಪಟ್ಟಣದಲ್ಲಿ. ಆ ಪಟ್ಟಣದಿಂದ ಸಂಸತ್ತಿಗೆ ಪ್ರತಿನಿಧಿಗಳು ಆಯ್ಕೆಯಾಗುತ್ತಿದ್ದರಾದರೂ ಮತದಾನದ ಅಧಿಕಾರವಿದ್ದವರು ಬೆರಳೆಣಿಕೆಯಷ್ಟು ಮಂದಿ. ಅವರೂ ಗ್ರಾಫ್ಟನ್ ಡ್ಯೂಕನ ಮನೆತನದ ಅಂಕೆಯಲ್ಲಿದ್ದರು. ತಂದೆ ಜೋಸೆಫ್ ಕ್ವೇಕರ್ ಪಂಥದವನು, ಹೆಂಗಸರು ನಡುವಿಗೆ ಬಿಗಿದುಕೊಳ್ಳುವ ಒಳಅಂಗಿಗಳಿಗೆ ತಿಮಿಂಗಿಲದ ಎಲುಬಿನ ಪಟ್ಟಿಗಳನ್ನು ಸೇರಿಸಿ ಹೊಲಿಯುವ ಕಸುಬುದಾರ. ತಾಯಿ ಫ್ರಾನ್ಸಿಸ್ ಇಂಗ್ಲೆಂಡಿನ ಅಧಿಕೃತ ಚರ್ಚಿಗೆ ಸೇರಿದವಳು, ವಕೀಲನೊಬ್ಬನ ಮಗಳು. ಪೇನ್ ಊರಿನ ಗ್ರಾಮರ್ ಶಾಲೆಗೆ ಹೋದನಾದರೂ ಲ್ಯಾಟಿನ್ ಕಲಿಯಲಿಲ್ಲ. ಆ ಭಾಷೆಯನ್ನು ಕಲಿಸುತ್ತಿದ್ದ ಪುಸ್ತಕಗಳ ಬಗ್ಗೆ ಕ್ವೇಕರರಿಗೆ ಆಕ್ಷೇಪವಿತ್ತೆಂಬುದೇ ಇದಕ್ಕೆ ಕಾರಣ. ವಿದ್ವತ್ತಿನ ಭಾಷೆ ಹೀಗೆ ಬಾಲ್ಯದಲ್ಲಿಯೇ ಅವನ ಕೈತಪ್ಪಿತು. ಆ ಕೊರತೆಯೇ ಮುಂದೆ ಅವನ ಬರವಣಿಗೆಯ ಬಲವಾಯಿತೆಂದು ಭಾವಿಸಲು ಕಾರಣಗಳಿವೆ.

ಹದಿಮೂರರ ಸುಮಾರಿಗೆ ಶಾಲೆ ಬಿಟ್ಟು ತಂದೆಯ ಕಸುಬಿಗೆ ಇಳಿದ ಪೇನ್ ಮೂವತ್ತೇಳನೆಯ ವಯಸ್ಸಿನವರೆಗೂ ಕೈಯಿಟ್ಟ ಕೆಲಸಗಳಲ್ಲೆಲ್ಲ ಸೋತವನು. ಶತ್ರುಹಡಗುಗಳನ್ನು ಕೊಳ್ಳೆಹೊಡೆಯುವ ಖಾಸಗಿ ಹಡಗೊಂದರಲ್ಲಿ ಕೆಲಕಾಲ ದುಡಿದ. 1759ರಲ್ಲಿ ಮೇರಿ ಲ್ಯಾಂಬರ್ಟಳನ್ನು ಮದುವೆಯಾದ. ಮರುವರ್ಷವೇ ಆಕೆ ತೀರಿಕೊಂಡಳು. ಆಮೇಲೆ ಹಿಡಿದದ್ದು ಎಕ್ಸೈಸ್ ಸುಂಕ ವಸೂಲಿಯ ಕೆಳಹಂತದ ಸರ್ಕಾರಿ ನೌಕರಿ. ಸರಕನ್ನು ಪರೀಕ್ಷಿಸದೆ ಪರೀಕ್ಷಿಸಿದಂತೆ ದಾಖಲೆ ಬರೆದ ಕಾರಣಕ್ಕೆ 1765ರಲ್ಲಿ ಕೆಲಸ ಕಳೆದುಕೊಂಡ. ಕ್ಷಮೆ ಕೋರಿ ಮರಳಿ ನೇಮಕಗೊಂಡು 1768ರಲ್ಲಿ ಸಸೆಕ್ಸ್ ಪ್ರಾಂತ್ಯದ ಲ್ಯೂಯಿಸ್ ಪಟ್ಟಣಕ್ಕೆ ಬಂದ. ಅಲ್ಲಿನ ಹೆಂಡದಂಗಡಿಯೊಂದರಲ್ಲಿ ಸೇರುತ್ತಿದ್ದ ಚರ್ಚಾಕೂಟದಲ್ಲಿ ಅವನ ವಾದಶಕ್ತಿ ಹದಗೊಂಡಿತು. 1772ರಲ್ಲಿ ಸುಂಕದ ನೌಕರರ ಸಂಬಳದ ಪರವಾಗಿ ಸಂಸತ್ತಿನ ಸದಸ್ಯರಿಗೆಂದು ಒಂದು ಕಿರುಹೊತ್ತಿಗೆಯನ್ನು ಬರೆದ. ವರ್ಷಕ್ಕೆ ಐವತ್ತು ಪೌಂಡಿನ ಸಂಬಳದಲ್ಲಿ, ಕುದುರೆಯ ಖರ್ಚನ್ನೂ ತಾನೇ ಭರಿಸುವ ನೌಕರನಿಂದ ಪ್ರಾಮಾಣಿಕತೆಯನ್ನು ನಿರೀಕ್ಷಿಸುವುದು ಹೇಗೆ ಎಂಬುದು ಅಲ್ಲಿನ ವಾದ. ಬಡತನವು ವ್ಯಕ್ತಿಯ ಶೀಲದ ದೋಷವಲ್ಲ, ಪ್ರಭುತ್ವದ ಲೆಕ್ಕಪತ್ರದಲ್ಲಿ ಹುಟ್ಟುವ ಸಂಗತಿ ಎಂಬ ತಿಳಿವಳಿಕೆ ಇಲ್ಲಿಯೇ ಮೊಳೆತಿದೆ. ಸಂಸತ್ತು ಈ ಮನವಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. 1774ರಲ್ಲಿ ಕೆಲಸ ಮತ್ತೆ ಹೋಯಿತು, ಅಂಗಡಿಯ ಸಾಮಾನು ಹರಾಜಾಯಿತು, ಎರಡನೆಯ ಹೆಂಡತಿ ಎಲಿಜಬೆತ್ ಆಲಿವ್‌ಳಿಂದ ಬೇರ್ಪಟ್ಟೂ ಆಯಿತು. ಲಂಡನ್ನಿನಲ್ಲಿ ಪರಿಚಯವಾಗಿದ್ದ ಬೆಂಜಮಿನ್ ಫ್ರಾಂಕ್ಲಿನ್ ಕೊಟ್ಟ ಶಿಫಾರಸು ಪತ್ರವೊಂದನ್ನು ನಂಬಿಕೊಂಡು ಆತ ಅಮೆರಿಕಕ್ಕೆ ಹೊರಟ.

1774ರ ನವೆಂಬರ್ ಕೊನೆಯಲ್ಲಿ ಫಿಲಡೆಲ್ಫಿಯಾ ತಲುಪಿದಾಗ ಪೇನ್ ಹಡಗಿನ ಜ್ವರದಿಂದ ಏಳಲಾರದಷ್ಟು ನಿತ್ರಾಣನಾಗಿದ್ದ. ಅವನನ್ನು ಎತ್ತಿ ದಡಕ್ಕೆ ತರಬೇಕಾಯಿತು. ಚೇತರಿಸಿಕೊಂಡ ಮೇಲೆ ರಾಬರ್ಟ್ ಐಟ್‌ಕನ್ ಹೊರತರುತ್ತಿದ್ದ ಪೆನ್ಸಿಲ್ವೇನಿಯಾ ಮ್ಯಾಗಜಿನ್‌ನ ಸಂಪಾದನೆಗೆ ನಿಂತ. ಭಾರತೀಯ ಓದುಗರು ಗಮನಿಸಬೇಕಾದ ಒಂದು ಸಂಗತಿ ಇಲ್ಲಿದೆ. ಪೇನ್ ಅಮೆರಿಕಕ್ಕೆ ಬಂದಿಳಿದ ತಿಂಗಳಿನಲ್ಲಿಯೇ ಇಂಗ್ಲೆಂಡಿನಲ್ಲಿ ರಾಬರ್ಟ್ ಕ್ಲೈವ್ ತೀರಿಕೊಂಡಿದ್ದ. 1775ರಲ್ಲಿ ಈ ಪತ್ರಿಕೆಯಲ್ಲಿ ಕ್ಲೈವ್‌ನ ಬದುಕು ಸಾವುಗಳನ್ನು ಕುರಿತ ಲೇಖನವೊಂದು ಕಾವ್ಯನಾಮದಲ್ಲಿ ಪ್ರಕಟವಾಯಿತು. ಅದು ಪೇನ್‌ನದೇ ಎಂಬುದು ರೂಢಿಯಲ್ಲಿರುವ ಅಭಿಪ್ರಾಯ. ಭಾರತದ ಲೂಟಿಯಿಂದ ಬಂದ ಸಿರಿ ಒಬ್ಬ ಮನುಷ್ಯನನ್ನು ಹೇಗೆ ಒಳಗಿನಿಂದ ತಿನ್ನುತ್ತದೆ ಎಂಬ ಚಿತ್ರಣ ಅದರಲ್ಲಿದೆ. ಅಮೆರಿಕದ ವಸಾಹತುಗಾರರ ದೂರುಗಳನ್ನು ಬರೆಯುವ ಮುನ್ನವೇ ಬ್ರಿಟಿಷ್ ಸಾಮ್ರಾಜ್ಯದ ಪೂರ್ವದ ಮುಖವನ್ನು ಈ ಪತ್ರಿಕೆ ನೋಡಿತ್ತು ಎಂಬುದು ಕುತೂಹಲಕರ.

1775ರ ಏಪ್ರಿಲ್‌ನಲ್ಲಿ ಲೆಕ್ಸಿಂಗ್ಟನ್ನಿನಲ್ಲಿ ಗುಂಡು ಹಾರಿದ ನಂತರವೂ ವಸಾಹತುಗಳ ನಾಯಕರು ದೊರೆಯನ್ನು ದೂರುತ್ತಿರಲಿಲ್ಲ. ತಪ್ಪು ಸಂಸತ್ತಿನದು, ಮಂತ್ರಿಗಳದು. ಮೂರನೆಯ ಜಾರ್ಜ್ ನ್ಯಾಯ ಕೊಡುತ್ತಾನೆಂಬ ನಂಬಿಕೆಯಿಂದ ಆ ವರ್ಷದ ಜುಲೈನಲ್ಲಿಯೂ ಅರಿಕೆಪತ್ರ ಕಳುಹಿಸಲಾಗಿತ್ತು. ತೆರಿಗೆಯ ಅನ್ಯಾಯವನ್ನು ಕುರಿತು ಬರೆದವರು ಹಲವರಿದ್ದರು. ಅರಸೊತ್ತಿಗೆಯೇ ಅನ್ಯಾಯವೆಂದು ಅಲ್ಲಿ ಬಹಿರಂಗವಾಗಿ ಬರೆಯುವ ಧೈರ್ಯ ಇನ್ನೂ ಬಂದಿರಲಿಲ್ಲ. 1776ರ ಜನವರಿ 10ರಂದು ಲೇಖಕನ ಹೆಸರಿಲ್ಲದೆ ಪ್ರಕಟವಾದ ‘ಕಾಮನ್ ಸೆನ್ಸ್’ ಎಂಬ ನಲವತ್ತೇಳು ಪುಟಗಳ ಹೊತ್ತಿಗೆ ಮಾಡಿದ ಕೆಲಸ ಇದು. ಸಮಾಜ ಬೇರೆ, ಸರ್ಕಾರ ಬೇರೆ. ಮೊದಲನೆಯದು ನಮ್ಮ ಅಗತ್ಯಗಳಿಂದ ಹುಟ್ಟಿದ್ದು, ಎರಡನೆಯದು ನಮ್ಮ ಕೇಡಿಗತನವನ್ನು ತಡೆಯಲು ಒಪ್ಪಿಕೊಂಡ ಅನಿವಾರ್ಯ ಎಂಬಲ್ಲಿಂದ ವಾದ ಆರಂಭವಾಗುತ್ತದೆ. ಅಲ್ಲಿಂದ ಅದು ವಂಶಪಾರಂಪರ್ಯದ ಆಳ್ವಿಕೆಯ ಬುಡಕ್ಕೆ ಕೈಹಾಕುತ್ತದೆ. ಇಂಗ್ಲೆಂಡಿನ ಅರಸು ಮನೆತನದ ಮೂಲಪುರುಷನಾದ ವಿಲಿಯಂ ಸಮುದ್ರ ದಾಟಿ ಬಂದ ದಂಡುಕೋರನೇ ಹೊರತು ದೈವಾಂಶದವನಲ್ಲ ಎಂದು ಪೇನ್ ತೋರಿಸುತ್ತಾನೆ.

ಈ ಹೊತ್ತಿಗೆಯಲ್ಲಿ ಲ್ಯಾಟಿನ್ ಉಕ್ತಿಗಳ ಮೆರವಣಿಗೆಯಿಲ್ಲ, ಲಾಕ್‌ನ ಹೆಸರಿಲ್ಲ. ತಾನು ಲಾಕ್‌ನನ್ನು ಓದಿಯೇ ಇರಲಿಲ್ಲವೆಂದು ಪೇನ್ ಕೊನೆಗಾಲದಲ್ಲಿ ಹೇಳಿಕೊಂಡಿದ್ದಾನೆ. ಈ ಹೇಳಿಕೆಯನ್ನು ಪೂರ್ತಿ ನಂಬಬೇಕಾಗಿಲ್ಲ. ಓದದಿದ್ದರೂ ಕಿವಿಯಿಂದ ಕಿವಿಗೆ ಆ ವಿಚಾರಗಳು ಅವನನ್ನು ಮುಟ್ಟಿದ್ದವು. ಅವನು ಆಧಾರಕ್ಕೆ ಮುಖ್ಯವಾಗಿ ಬಳಸುವ ಗ್ರಂಥ ಬೈಬಲ್, ಏಕೆಂದರೆ ಅದು ಎಲ್ಲರ ಮನೆಯಲ್ಲಿತ್ತು. ಇಸ್ರೇಲಿನ ಜನ ತಮಗೂ ಒಬ್ಬ ಅರಸು ಬೇಕೆಂದು ಹಟ ಹಿಡಿದಾಗ ಪ್ರವಾದಿ ಸಮುವೇಲನು ಎಚ್ಚರಿಸಿದ ಪ್ರಸಂಗವನ್ನು ಎತ್ತಿಕೊಂಡು, ಅರಸೊತ್ತಿಗೆ ದೇವರ ಇಚ್ಛೆಗೆ ವಿರುದ್ಧವೆಂದು ಸಾಧಿಸುತ್ತಾನೆ. ಮುಂದೆ ಇದೇ ಲೇಖಕ ಬೈಬಲ್ಲಿನ ಪ್ರಾಮಾಣ್ಯವನ್ನೇ ನಿರಾಕರಿಸಿದ ಎಂಬುದನ್ನು ನೆನೆದರೆ ಇಲ್ಲಿರುವುದು ನಂಬಿಕೆಯಲ್ಲ, ಓದುಗನ ನಾಡಿಯನ್ನು ಬಲ್ಲ ಕೌಶಲವೆಂಬುದು ಸ್ಪಷ್ಟವಾಗುತ್ತದೆ. ಕನ್ನಡ ಸಾಹಿತ್ಯ ಚರಿತ್ರೆಯ ಪರಿಭಾಷೆಯಲ್ಲಿ ಹೇಳುವುದಾದರೆ, ಮಾರ್ಗದ ಸರಕನ್ನು ದೇಸಿಗೆ ತಂದ ಕ್ರಿಯೆ ಇದು. ಈ ಹೋಲಿಕೆಯನ್ನು ಹೆಚ್ಚು ದೂರ ಎಳೆಯುವಂತಿಲ್ಲವಾದರೂ, ಭಾಷೆ ಬದಲಾದಾಗ ವಿಚಾರದ ಒಡೆತನವೂ ಬದಲಾಗುತ್ತದೆಂಬುದನ್ನು ಅದು ಸೂಚಿಸುತ್ತದೆ.

ಹೊತ್ತಿಗೆಯ ಮಾರಾಟದ ಬಗ್ಗೆ ಒಂದು ಮಾತು. ಕೆಲವೇ ತಿಂಗಳುಗಳಲ್ಲಿ 1,20,000 ಪ್ರತಿಗಳು ಹೋದವೆಂದು ಪೇನ್ ಹೇಳಿಕೊಂಡ. ಈ ಅಂಕಿಯನ್ನು ಹಲವು ಚರಿತ್ರೆಕಾರರು ಪರೀಕ್ಷಿಸದೆ ಉದ್ಧರಿಸುತ್ತ ಬಂದರು, ಕೆಲವರು ಇನ್ನಷ್ಟು ಉಬ್ಬಿಸಿದರು. ಅಂದಿನ ಅಮೆರಿಕದ ಮುದ್ರಣಾಲಯಗಳ ಸಾಮರ್ಥ್ಯ, ಕಾಗದದ ಅಭಾವಗಳನ್ನು ಪರಿಗಣಿಸಿದ ಈಚಿನ ಸಂಶೋಧಕರು ಇದನ್ನು ಒಪ್ಪುವುದಿಲ್ಲ. ಅವರ ಅನುಮಾನ ಸಕಾರಣವಾದುದು. ಆದರೆ ಹೊತ್ತಿಗೆಯನ್ನು ಹೆಂಡದಂಗಡಿಗಳಲ್ಲಿ, ಸೇನಾ ಬಿಡಾರಗಳಲ್ಲಿ ಗಟ್ಟಿಯಾಗಿ ಓದಿ ಹೇಳಲಾಗುತ್ತಿತ್ತು. ಪ್ರತಿಗಳ ಎಣಿಕೆಯಿಂದ ಕೇಳುಗರ ಎಣಿಕೆ ಸಿಗುವುದಿಲ್ಲ. ಜನವರಿಯಲ್ಲಿ ಆಡಬಾರದ ಮಾತಾಗಿದ್ದ ಸ್ವಾತಂತ್ರ್ಯ ಜುಲೈ 4ರ ವೇಳೆಗೆ ಅಧಿಕೃತ ನಿಲುವಾಗಿತ್ತು. ಇದಕ್ಕೆ ಪೇನ್ ಒಬ್ಬನೇ ಕಾರಣನೆನ್ನುವುದು ಉತ್ಪ್ರೇಕ್ಷೆ. ಜಾನ್ ಆಡಮ್ಸ್‌ನಂತಹ ನಾಯಕ ಸ್ವಾತಂತ್ರ್ಯವನ್ನು ಬಯಸಿದರೂ ಪೇನ್ ಸೂಚಿಸಿದ ಒಂದೇ ಸದನದ ಜನಪ್ರತಿನಿಧಿ ಸರ್ಕಾರದ ಕಲ್ಪನೆಗೆ ಬೆದರಿದ, ಅದಕ್ಕೆ ಎದುರಾಗಿ ಅದೇ ವರ್ಷ ತನ್ನದೇ ಹೊತ್ತಿಗೆ ಬರೆದ. ಹಕ್ಕಿನ ತತ್ವ ಎಲ್ಲಿಯವರೆಗೆ ಹರಿಯಬೇಕೆಂಬ ಜಗಳ ಕ್ರಾಂತಿಗೆ ಮೊದಲೇ ಕ್ರಾಂತಿಕಾರರ ನಡುವೆ ಆರಂಭವಾಗಿತ್ತು.

ಯುದ್ಧದ ವರ್ಷಗಳನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ವಾಷಿಂಗ್ಟನ್ನನ ಸೇನೆ ಸೋತು ಹಿಂದೆ ಸರಿಯುತ್ತಿದ್ದಾಗ ಪೇನ್ 1776ರ ಡಿಸೆಂಬರ್‌ನಲ್ಲಿ ‘ಅಮೆರಿಕನ್ ಕ್ರೈಸಿಸ್’ ಮಾಲೆಯ ಮೊದಲ ಲೇಖನವನ್ನು ಬರೆದ. ಟ್ರೆಂಟನ್ ಕದನಕ್ಕೆ ಮುನ್ನ ಅದನ್ನು ಸೈನಿಕರಿಗೆ ಓದಿಸಲಾಯಿತೆಂಬ ಪ್ರತೀತಿಯಿದೆ. ವಿದೇಶ ವ್ಯವಹಾರ ಸಮಿತಿಯ ಕಾರ್ಯದರ್ಶಿಯಾಗಿದ್ದಾಗ ಸರಬರಾಜಿನ ಭ್ರಷ್ಟಾಚಾರವನ್ನು ಬಯಲಿಗೆಳೆಯಹೋಗಿ 1779ರಲ್ಲಿ ಹುದ್ದೆ ಬಿಡಬೇಕಾಯಿತು. ಗುಲಾಮಗಿರಿಯನ್ನು ಹಂತಹಂತವಾಗಿ ಕೊನೆಗಾಣಿಸುವ ಕಾಯಿದೆಯನ್ನು ಪೆನ್ಸಿಲ್ವೇನಿಯಾದ ಶಾಸನಸಭೆ 1780ರಲ್ಲಿ ಅಂಗೀಕರಿಸಿದಾಗ ಆತ ಆ ಸಭೆಯ ಗುಮಾಸ್ತನಾಗಿದ್ದ. ಯುದ್ಧಾನಂತರ ನ್ಯೂಯಾರ್ಕ್ ಸಂಸ್ಥಾನ ಅವನಿಗೆ ನ್ಯೂ ರೊಷೆಲ್‌ನಲ್ಲಿ ಒಂದು ಜಮೀನು ಕೊಟ್ಟಿತು. ಆತ ರಾಜಕೀಯ ಬಿಟ್ಟು ಕಬ್ಬಿಣದ ಸೇತುವೆಯ ವಿನ್ಯಾಸದಲ್ಲಿ ಮುಳುಗಿದ, ಅದರ ಸಲುವಾಗಿಯೇ 1787ರಲ್ಲಿ ಯೂರೋಪಿಗೆ ಮರಳಿದ.

ಎರಡು ವರ್ಷಗಳಲ್ಲಿ ಬಾಸ್ಟೀಲ್ ಉರುಳಿತು. ಆ ಸೆರೆಮನೆಯ ಬೀಗದಕೈಯನ್ನು ವಾಷಿಂಗ್ಟನ್ನನಿಗೆ ತಲುಪಿಸಲು ಲಾಫಾಯೆತ್ ಒಪ್ಪಿಸಿದ್ದು ಪೇನ್‌ಗೆ. 1790ರ ನವೆಂಬರ್‌ನಲ್ಲಿ ಎಡ್ಮಂಡ್ ಬರ್ಕ್ ಫ್ರಾನ್ಸಿನ ಕ್ರಾಂತಿಯನ್ನು ಖಂಡಿಸಿ ತನ್ನ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದ. ಬರ್ಕ್‌ನನ್ನು ಕೇವಲ ಪ್ರತಿಗಾಮಿಯೆಂದು ತಳ್ಳಿಹಾಕುವುದು ಸರಿಯಲ್ಲ. ವಾರನ್ ಹೇಸ್ಟಿಂಗ್ಸ್‌ನ ಮೇಲೆ ಅದೇ ಕಾಲದಲ್ಲಿ ನಡೆಯುತ್ತಿದ್ದ ಮಹಾಭಿಯೋಗದ ಮುಂದಾಳು ಆತನೇ. ಹೈದರಾಲಿಯ ದಾಳಿಗೆ ಕಂಪನಿಯವರ ನಂಬಿಕೆದ್ರೋಹವೇ ಕಾರಣವೆಂದು 1785ರಲ್ಲಿ ಸಂಸತ್ತಿನಲ್ಲಿ ವಾದಿಸಿದವನೂ ಆತನೇ. ಅವನ ಆಕ್ಷೇಪವಿದ್ದದ್ದು ಅಮೂರ್ತವಾದ ಮಾನವ ಹಕ್ಕಿನ ಕಲ್ಪನೆಗೆ. ಹಕ್ಕುಗಳು ಪೂರ್ವಿಕರಿಂದ ಆಸ್ತಿಯಂತೆ ಬರತಕ್ಕವು, ಸಂಪ್ರದಾಯದ ಬೇರಿನಿಂದ ಅವುಗಳನ್ನು ಕಿತ್ತರೆ ಉಳಿಯುವುದು ಬರೀ ಹಿಂಸೆ ಎಂಬುದು ಅವನ ನಿಲುವು. ಪೇನ್‌ನ ‘ರೈಟ್ಸ್ ಆಫ್ ಮ್ಯಾನ್’ ಇದಕ್ಕೆ ಕೊಟ್ಟ ಉತ್ತರ. ಸತ್ತವರು ಬದುಕಿರುವವರನ್ನು ಆಳಲಾಗದು, ಪ್ರತಿಯೊಂದು ಪೀಳಿಗೆಗೂ ತನ್ನ ಸರ್ಕಾರವನ್ನು ತಾನೇ ರೂಪಿಸಿಕೊಳ್ಳುವ ಅಧಿಕಾರವಿದೆ, ಸಂವಿಧಾನವೆಂಬುದು ಸರ್ಕಾರ ಕೊಡುವ ವರವಲ್ಲ, ಸರ್ಕಾರವನ್ನು ಸೃಷ್ಟಿಸುವ ಜನರ ಒಪ್ಪಂದ ಎಂಬುದು ಅದರ ತಿರುಳು.

ನಮ್ಮ ಭಾಷೆಯ ‘ಹಕ್ಕು’ ಎಂಬ ಮಾತು ಅರಬ್ಬಿ ಮೂಲದ್ದು, ಭೂಮಿ ಕಾಣಿಗಳ ಲೆಕ್ಕದ ವ್ಯವಹಾರದಲ್ಲಿ ಬಳಕೆಯಾಗಿ ನೆಲೆನಿಂತದ್ದು. ಸುಂಕದ ಕಚೇರಿಯಲ್ಲಿ ದುಡಿದಿದ್ದ ಪೇನ್ ಕೂಡ ಹಕ್ಕನ್ನು ಲೆಕ್ಕದ ಪುಸ್ತಕಕ್ಕೆ ತಂದವನು. 1792ರ ಫೆಬ್ರವರಿಯಲ್ಲಿ ಬಂದ ಎರಡನೆಯ ಭಾಗದ ಐದನೆಯ ಅಧ್ಯಾಯವನ್ನು ಈ ದೃಷ್ಟಿಯಿಂದ ಓದಬೇಕು. ಬಡವರ ಮಕ್ಕಳಿಗೆ ಹದಿನಾಲ್ಕು ವರ್ಷ ತುಂಬುವವರೆಗೆ ವರ್ಷಕ್ಕೆ ತಲಾ 4 ಪೌಂಡ್, ಐವತ್ತು ದಾಟಿದ ಬಡವರಿಗೆ 6 ಪೌಂಡ್, ಅರವತ್ತು ದಾಟಿದವರಿಗೆ 10 ಪೌಂಡ್. ದೊಡ್ಡ ಎಸ್ಟೇಟುಗಳ ಮೇಲೆ ಏರುತ್ತ ಹೋಗುವ ತೆರಿಗೆ. ಇದು ದಾನವಲ್ಲ, ಜೀವಮಾನವಿಡೀ ತೆರಿಗೆ ತೆತ್ತವರಿಗೆ ಸಲ್ಲಬೇಕಾದ ಬಾಕಿ ಎಂದು ಪೇನ್ ಅಂಕಿಗಳನ್ನು ಕೂಡಿಸಿ ಕಳೆದು ತೋರಿಸುತ್ತಾನೆ. ಲಾಕ್‌ನಲ್ಲಿ ಆಸ್ತಿಯ ರಕ್ಷಣೆಗೆ ಒತ್ತು ಕೊಟ್ಟಿದ್ದ ಹಕ್ಕಿನ ಪರಿಕಲ್ಪನೆ ಇಲ್ಲಿ ಆಸ್ತಿಯಿಲ್ಲದವನ ಕಡೆಗೆ ತಿರುಗಿದೆ. ನನ್ನ ತಿಳಿವಳಿಕೆಯಲ್ಲಿ ಪೇನ್‌ನ ನಿಜವಾದ ತಾತ್ವಿಕ ಕೊಡುಗೆ ಇದೇ. ಅವನನ್ನು ಬರೀ ಪ್ರಚಾರಕನೆಂದು ಕರೆಯುವವರು ಈ ಅಧ್ಯಾಯವನ್ನು ಗಂಭೀರವಾಗಿ ಓದಿದಂತೆ ಕಾಣುವುದಿಲ್ಲ.

ಪ್ರಭುತ್ವ ಇದನ್ನು ಗುರುತಿಸಿದ ಬಗೆ ಅರ್ಥಪೂರ್ಣವಾಗಿದೆ. ಮೂರು ಶಿಲಿಂಗ್ ಬೆಲೆಯ ಮೊದಲ ಭಾಗದ ಮೇಲೆ ಮೊಕದ್ದಮೆ ಹೂಡಲಿಲ್ಲ. ಅಗ್ಗದ ಪ್ರತಿಗಳು ಕುಶಲಕರ್ಮಿಗಳ ಕೈಸೇರಿದ ಮೇಲೆ 1792ರ ಮೇ ತಿಂಗಳಲ್ಲಿ ರಾಜದ್ರೋಹದ ಬರಹಗಳ ವಿರುದ್ಧ ರಾಜಘೋಷಣೆ ಹೊರಟಿತು. ಡಿಸೆಂಬರ್ 18ರಂದು ಪೇನ್‌ನ ಅನುಪಸ್ಥಿತಿಯಲ್ಲಿ ವಿಚಾರಣೆ ನಡೆದಾಗ ಸರ್ಕಾರದ ವಕೀಲ ಇದನ್ನು ಮುಚ್ಚಿಡಲಿಲ್ಲ. ಮೊದಲ ಭಾಗವನ್ನು ವಿವೇಕಿಗಳಾದ ಓದುಗರು ತೂಗಿನೋಡಿಯಾರೆಂದು ಸುಮ್ಮನಿದ್ದೆವು, ಎರಡನೆಯದು ಎಲ್ಲರ ಕೈಗೂ ಹೋಯಿತೆಂಬುದು ಅವನ ವಾದದ ಸಾರ. ಅಪರಾಧವಿದ್ದದ್ದು ವಿಚಾರದಲ್ಲಷ್ಟೇ ಅಲ್ಲ, ಅದರ ಬೆಲೆಯಲ್ಲಿ, ಭಾಷೆಯಲ್ಲಿ. ಥಾಮಸ್ ಅರ್ಸ್ಕಿನ್ ದೀರ್ಘವಾಗಿ ವಾದಿಸಿದರೂ ಜ್ಯೂರಿ ಪೇನ್‌ನನ್ನು ಅಪರಾಧಿಯೆಂದಿತು. ಆ ಚಳಿಗಾಲದಲ್ಲಿ ಇಂಗ್ಲೆಂಡಿನ ಊರೂರುಗಳಲ್ಲಿ ಅವನ ಪ್ರತಿಕೃತಿಗಳನ್ನು ಸುಟ್ಟರು. ಇಲ್ಲೊಂದು ಮಿತಿಯನ್ನೂ ಹೇಳಬೇಕು. ಬರ್ಕ್‌ನಿಗೆ ಪೇನ್‌ಗಿಂತ ಮೊದಲೇ ಉತ್ತರಿಸಿದ್ದ ಮೇರಿ ವುಲ್‌ಸ್ಟನ್‌ಕ್ರಾಫ್ಟ್ 1792ರಲ್ಲಿಯೇ ಸ್ತ್ರೀಯರ ಹಕ್ಕುಗಳನ್ನು ಸಮರ್ಥಿಸಿ ಗ್ರಂಥ ಬರೆದಳು. ಪೇನ್‌ನ ಲೆಕ್ಕದ ಪುಸ್ತಕದಲ್ಲಿ ಬಡ ವಿಧವೆಗೆ ಸಹಾಯವಿದೆ, ಮತವಿಲ್ಲ.

ಪೇನ್ ಅಷ್ಟರಲ್ಲಿ ಫ್ರಾನ್ಸಿನಲ್ಲಿದ್ದ. 1792ರ ಸೆಪ್ಟೆಂಬರ್‌ನಲ್ಲಿ ಕ್ಯಾಲೆ ಪ್ರದೇಶದಿಂದ ರಾಷ್ಟ್ರೀಯ ಕನ್ವೆನ್ಷನ್ನಿಗೆ ಆಯ್ಕೆಯಾಗಿದ್ದ. ಹೊಸ ಸಂವಿಧಾನವನ್ನು ರಚಿಸುವ ಸಮಿತಿಯಲ್ಲಿ ಕಾಂಡೋರ್ಸೆಯ ಜೊತೆ ಸದಸ್ಯನಾಗಿದ್ದ. ಆದರೆ ಅವನಿಗೆ ಫ್ರೆಂಚ್ ಮಾತಾಡಲು ಬರುತ್ತಿರಲಿಲ್ಲ. ಹದಿನಾರನೆಯ ಲೂಯಿಯ ವಿಚಾರಣೆ ಬಂದಾಗ ಈ ಕೊರತೆ ಅವನ ಬದುಕಿನ ಅತ್ಯಂತ ಕಠಿಣ ಗಳಿಗೆಯಾಗಿ ಪರಿಣಮಿಸಿತು. ಅರಸೊತ್ತಿಗೆಯನ್ನು ಪೇನ್‌ನಷ್ಟು ಕಟುವಾಗಿ ಟೀಕಿಸಿದವರು ಆ ಸಭೆಯಲ್ಲಿಯೂ ವಿರಳ. ಅವನು ಲೂಯಿಯನ್ನು ಅಪರಾಧಿಯೆಂದೇ ಒಪ್ಪಿದ, ಮರಣದಂಡನೆಯನ್ನು ಮಾತ್ರ ಒಪ್ಪಲಿಲ್ಲ. ಯುದ್ಧ ಮುಗಿಯುವವರೆಗೆ ಸೆರೆಯಲ್ಲಿಟ್ಟು ಅನಂತರ ಅಮೆರಿಕಕ್ಕೆ ಗಡೀಪಾರು ಮಾಡಬೇಕೆಂದು ಸೂಚಿಸಿದ. ಕೊನೆಗಾಣಿಸಬೇಕಾದದ್ದು ಅರಸುತನವನ್ನು, ಕಿರೀಟ ಕಳಚಿದ ಮೇಲೆ ಉಳಿಯುವ ಮನುಷ್ಯನಿಗೂ ಹಕ್ಕಿನ ತತ್ವ ಅನ್ವಯಿಸುತ್ತದೆ ಎಂಬುದು ಅವನ ನಿಲುವಿನ ಒಳಗಿನ ತರ್ಕ. ಅಮೆರಿಕದ ಬಿಡುಗಡೆಗೆ ನೆರವಾದ ದೊರೆ ಅವನೇ ಎಂಬ ಕೃತಜ್ಞತೆಯೂ ಅದರಲ್ಲಿ ಬೆರೆತಿತ್ತು.

1793ರ ಜನವರಿ 19ರಂದು ಶಿಕ್ಷೆಯನ್ನು ಮುಂದೂಡುವ ಚರ್ಚೆಯಲ್ಲಿ ಪೇನ್ ವೇದಿಕೆಯ ಮೇಲೆ ಮೌನವಾಗಿ ನಿಂತಿದ್ದ. ಪಕ್ಕದಲ್ಲಿ ಬಂಕಾಲ್ ಎಂಬ ಸದಸ್ಯ ಅವನ ಭಾಷಣದ ಫ್ರೆಂಚ್ ಅನುವಾದವನ್ನು ಓದುತ್ತಿದ್ದ. ಮರಾ ನಡುವೆ ಎದ್ದು, ಕ್ವೇಕರನಾದ ಪೇನ್‌ಗೆ ಮರಣದಂಡನೆಯ ವಿಷಯದಲ್ಲಿ ಮತ ಹಾಕುವ ಅರ್ಹತೆಯಿಲ್ಲವೆಂದು ಕೂಗಿದ. ಅನುವಾದವೇ ತಪ್ಪು, ಇವು ಪೇನ್‌ನ ವಿಚಾರಗಳಲ್ಲವೆಂಬ ಆರೋಪವೂ ಬಂತು. ಹಕ್ಕಿನ ವಿಚಾರವನ್ನು ಜನರ ಮಾತಿಗೆ ತಂದ ಲೇಖಕ, ತನ್ನ ಮಾತು ತನ್ನದೇ ಎಂದು ಅನ್ಯರ ಮೂಲಕ ಸಾಬೀತುಪಡಿಸಬೇಕಾಯಿತು. 380 ಮತಗಳಿಗೆ ಎದುರಾಗಿ 310 ಮತಗಳಿಂದ ಮುಂದೂಡಿಕೆಯ ಸೂಚನೆ ಬಿದ್ದುಹೋಯಿತು. 21ರಂದು ಲೂಯಿಯ ಶಿರಚ್ಛೇದವಾಯಿತು.

ಕಾಂಡೋರ್ಸೆ ಮತ್ತು ಪೇನ್ ದುಡಿದಿದ್ದ ಸಂವಿಧಾನದ ಕರಡು ಮೂಲೆಗೆ ಬಿತ್ತು. ಡಿಸೆಂಬರ್ ಕೊನೆಗೆ ವಿದೇಶೀಯನೆಂಬ ಕಾರಣದಿಂದ ಪೇನ್‌ನನ್ನು ಕನ್ವೆನ್ಷನ್ನಿನಿಂದ ಹೊರಹಾಕಿ ಲಕ್ಸೆಂಬರ್ಗ್ ಸೆರೆಮನೆಗೆ ದೂಡಿದರು. ಬಂಧನದ ದಿನವೇ ಆತ ‘ಏಜ್ ಆಫ್ ರೀಸನ್’ ಗ್ರಂಥದ ಮೊದಲ ಭಾಗದ ಹಸ್ತಪ್ರತಿಯನ್ನು ಗೆಳೆಯ ಜೋಯಲ್ ಬಾರ್ಲೋನ ಕೈಗೆ ಒಪ್ಪಿಸಿದ. ಅವನೇ ಹೇಳಿಕೊಂಡಿರುವಂತೆ, ಮರುದಿನ ಗಿಲೊಟಿನ್ನಿಗೆ ಒಯ್ಯಬೇಕಾದವರ ಕೋಣೆಯ ಬಾಗಿಲಿಗೆ ಹಾಕಿದ ಗುರುತು, ಬಾಗಿಲು ತೆರೆದಿದ್ದ ಕಾರಣ ಒಳಮೈಗೆ ಬಿದ್ದು ಅವನ ಜೀವ ಉಳಿಯಿತು. ಅಮೆರಿಕದ ರಾಯಭಾರಿ ಗೌವರ್ನರ್ ಮಾರಿಸ್ ಅವನನ್ನು ತಮ್ಮ ಪ್ರಜೆಯೆಂದು ಗಟ್ಟಿಯಾಗಿ ಹೇಳಲಿಲ್ಲ. ರೊಬೆಸ್ಪಿಯರ್ ಪತನವಾಗಿ, ಜೇಮ್ಸ್ ಮನ್ರೋ ಹೊಸ ರಾಯಭಾರಿಯಾಗಿ ಬಂದ ಮೇಲೆ 1794ರ ನವೆಂಬರ್‌ನಲ್ಲಿ ಪೇನ್ ಹೊರಬಂದ. ಕಾಯಿಲೆ ಮೈಯನ್ನು ತಿಂದಿದ್ದರೂ ಬರವಣಿಗೆ ನಿಲ್ಲಲಿಲ್ಲ. 1797ರ ‘ಅಗ್ರೇರಿಯನ್ ಜಸ್ಟಿಸ್’ ಎಂಬ ಹೊತ್ತಿಗೆಯಲ್ಲಿ, ಭೂಮಿ ಮೂಲತಃ ಎಲ್ಲರದಾದ್ದರಿಂದ ಇಪ್ಪತ್ತೊಂದು ತುಂಬಿದ ಪ್ರತಿಯೊಬ್ಬರಿಗೂ, ಗಂಡಾಗಲಿ ಹೆಣ್ಣಾಗಲಿ, 15 ಪೌಂಡ್ ಕೊಡಬೇಕೆಂದು ವಾದಿಸಿದ.

1802ರಲ್ಲಿ ಅಮೆರಿಕಕ್ಕೆ ಮರಳಿದಾಗ ಧರ್ಮದ್ರೋಹಿಯೆಂಬ ಹೆಸರು ಅವನಿಗಿಂತ ಮುಂಚೆ ಬಂದಿಳಿದಿತ್ತು. ವಾಷಿಂಗ್ಟನ್ನನನ್ನು ನಿಂದಿಸಿ 1796ರಲ್ಲಿ ಬರೆದ ಪತ್ರವೂ ಅವನಿಗೆ ಮುಳುವಾಯಿತು. 1804ರಲ್ಲಿ ಲೂಸಿಯಾನದ ಫ್ರೆಂಚ್ ನಿವಾಸಿಗಳು ತಮ್ಮ ಹಕ್ಕುಗಳನ್ನು ಕೇಳುತ್ತ ಗುಲಾಮರನ್ನು ತರಿಸಿಕೊಳ್ಳುವ ಅಧಿಕಾರವನ್ನೂ ಬಯಸಿದಾಗ, ಮತ್ತೊಬ್ಬರನ್ನು ದಾಸ್ಯಕ್ಕೆ ತಳ್ಳುವ ಅಧಿಕಾರವನ್ನು ಹಕ್ಕೆಂದು ಕರೆಯುವುದನ್ನು ಪೇನ್ ಕಟುವಾಗಿ ಖಂಡಿಸಿದ. 1806ರಲ್ಲಿ ನ್ಯೂ ರೊಷೆಲ್‌ನಲ್ಲಿ ಮತ ಹಾಕಲು ಹೋದವನನ್ನು ಅಮೆರಿಕದ ಪ್ರಜೆಯಲ್ಲವೆಂದು ಅಧಿಕಾರಿಗಳು ಹಿಂದಕ್ಕೆ ಕಳುಹಿಸಿದರು. 1809ರ ಜೂನ್ 8ರಂದು ಆತ ನ್ಯೂಯಾರ್ಕಿನಲ್ಲಿ ತೀರಿಕೊಂಡಾಗ ಕ್ವೇಕರರು ತಮ್ಮ ಸ್ಮಶಾನದಲ್ಲಿ ಜಾಗ ಕೊಡಲಿಲ್ಲ. ಜಮೀನಿನ ಮೂಲೆಯಲ್ಲಿ ನಡೆದ ಸಂಸ್ಕಾರಕ್ಕೆ ಬಂದವರು ಕೆಲವೇ ಮಂದಿ. 1819ರಲ್ಲಿ ವಿಲಿಯಂ ಕಾಬೆಟ್ ಅವನ ಎಲುಬುಗಳನ್ನು ಅಗೆದು, ಸ್ಮಾರಕ ಕಟ್ಟುವ ಉದ್ದೇಶದಿಂದ ಇಂಗ್ಲೆಂಡಿಗೆ ಒಯ್ದ. ಸ್ಮಾರಕ ಏಳಲಿಲ್ಲ. ಕಾಬೆಟ್ 1835ರಲ್ಲಿ ಸತ್ತ ಮೇಲೆ ಎಲುಬುಗಳೂ ಕೈತಪ್ಪಿದವು.

ಅವನ ಪುಸ್ತಕಗಳು ಆ ವೇಳೆಗೆ ಸಮುದ್ರ ದಾಟಿದ್ದವು. ಕಲ್ಕತ್ತೆಯ ಹಿಂದೂ ಕಾಲೇಜಿನ ತರುಣರು 1830ರ ದಶಕದ ಆರಂಭದಲ್ಲಿ ‘ಏಜ್ ಆಫ್ ರೀಸನ್’ ಗ್ರಂಥವನ್ನು ಹೆಚ್ಚಿನ ಬೆಲೆ ಕೊಟ್ಟು ಕೊಳ್ಳುತ್ತಿದ್ದುದನ್ನು ಮಿಷನರಿಗಳು ಆತಂಕದಿಂದ ದಾಖಲಿಸಿದ್ದಾರೆ. ಪುಣೆಯಲ್ಲಿ ಇಪ್ಪತ್ತರ ಹರೆಯದ ಜೋತಿಬಾ ಫುಲೆ ಅವರು 1847ರ ಸುಮಾರಿಗೆ ಗೆಳೆಯರೊಂದಿಗೆ ‘ರೈಟ್ಸ್ ಆಫ್ ಮ್ಯಾನ್’ ಓದಿದರು. ಪೇನ್ ಅದನ್ನು ಬರೆದದ್ದು ಹುಟ್ಟಿನಿಂದ ಬರುವ ಅರಸುತನದ ವಿರುದ್ಧ. ಫುಲೆ ಅವರ ಮುಂದಿದ್ದದ್ದು ಹುಟ್ಟಿನಿಂದ ಬರುವ ಜಾತಿಯ ಶ್ರೇಷ್ಠತೆ. 1848ರಲ್ಲಿ ಅವರು ಹೆಣ್ಣುಮಕ್ಕಳಿಗೆ ಶಾಲೆ ತೆರೆದರು. 1873ರಲ್ಲಿ ಪ್ರಕಟಿಸಿದ ‘ಗುಲಾಮಗಿರಿ’ಯನ್ನು ಮರಾಠಿಯ ಆಡುಮಾತಿನಲ್ಲಿ, ಇಬ್ಬರ ಸಂಭಾಷಣೆಯ ರೂಪದಲ್ಲಿ ಬರೆದು, ನೀಗ್ರೋ ಗುಲಾಮರ ಬಿಡುಗಡೆಗಾಗಿ ಹೋರಾಡಿದ ಅಮೆರಿಕದ ಜನರಿಗೆ ಅರ್ಪಿಸಿದರು.